ಚಿಪ್ಪಿನೊಳಗೆ ತಕ್ಕಡಿ ಕಟ್ಟಿದ ಬಾಬ್ ವಿಡ್ಲರ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವಿಜ್ಞಾನ ಕ್ಷೇತ್ರದ ಒಬ್ಬ ಸಾಧಕರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಸ್ವಲ್ಪ ಯೋಚಿಸಿದೆ. ಸರ್ ಸಿ.ವಿ. ರಾಮನ್, ಸರ್ ಎಂ. ವಿಶ್ವೇಶ್ವರಯ್ಯ ಮುಂತಾದ ಮಹನೀಯರ ಬಗ್ಗೆ ನಮ್ಮ ಗುರುಗಳು ತರಗತಿಯಲ್ಲೇ ಮನಮುಟ್ಟುವಂತೆ ಹೇಳಿದ್ದಾರೆ. ಆದ್ದರಿಂದ ನಮ್ಮ ಊರಿನವರು ಅಷ್ಟಾಗಿ ಕೇಳಿರದ, ಆದರೆ ಚಿಪ್ ವಿನ್ಯಾಸದ ಕೆಲಸ ಮಾಡುವ ನಮ್ಮಂಥವರು ಗುರುವಿನಂತೆ ಕಾಣುವ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಅಮೆರಿಕದ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ರಾಬರ್ಟ್ ಜಾನ್ ವಿಡ್ಲರ್. ಎಲ್ಲರೂ ಕರೆಯುವುದು ಬಾಬ್ ವಿಡ್ಲರ್ ಎಂದು.

ನಮ್ಮ ಶಾಲೆಯಿಂದ ಹೊರಟು ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರಲ್ಲಿ ಅನೇಕರು 741 ಎಂಬ ಎಂಟು ಕಾಲಿನ ಕಪ್ಪು ಐಸಿಯನ್ನು ಪ್ರಯೋಗಶಾಲೆಯಲ್ಲಿ ಕೈಯಲ್ಲಿ ಹಿಡಿದಿರುತ್ತಾರೆ. ಆ ಐಸಿಗೆ ದಾರಿ ಮಾಡಿಕೊಟ್ಟವರು ವಿಡ್ಲರ್. ಅವರು ತೀರಿಕೊಂಡು ಮೂರು ದಶಕ ಕಳೆದಿದೆ. ಅಂದಿನ ಚಿಪ್ಪಿಗೂ ಇಂದಿನ ಚಿಪ್ಪಿಗೂ ಅಜಗಜಾಂತರ. ಆದರೂ ಅವರು ಹಾಕಿಕೊಟ್ಟ ಒಂದು ಪಾಠ ಹಳತಾಗಿಲ್ಲ. ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಇಲ್ಲದ್ದಕ್ಕೆ ಕೊರಗದೆ ಇರುವುದರಿಂದಲೇ ಕೆಲಸ ಸಾಧಿಸಬೇಕು ಎಂಬುದೇ ಆ ಪಾಠ. ಸರ್ಕಾರಿ ಶಾಲೆಯಲ್ಲಿ ಓದಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅನಲಾಗ್ ಎಂದರೆ ಏನು?

ವಿಡ್ಲರ್ ಅವರ ಕೆಲಸ ಅನಲಾಗ್ ಸರ್ಕ್ಯೂಟುಗಳದ್ದು. ಇದನ್ನು ಮೊದಲು ಹೇಳಿಬಿಟ್ಟರೆ ಮುಂದಿನ ಮಾತು ಸುಲಭವಾಗುತ್ತದೆ. ಮನೆಯ ದೀಪದ ಸ್ವಿಚ್ಚಿಗೆ ಎರಡೇ ಸ್ಥಿತಿ: ಹತ್ತಿದೆ ಅಥವಾ ಆರಿದೆ. ಕಂಪ್ಯೂಟರಿನ ಡಿಜಿಟಲ್ ಸರ್ಕ್ಯೂಟು ಇಂಥ ಕೋಟಿಗಟ್ಟಲೆ ಸ್ವಿಚ್ಚುಗಳ ಜೋಡಣೆ. ಆದರೆ ಹಳೆಯ ರೇಡಿಯೊದ ಧ್ವನಿ ಹೆಚ್ಚಿಸುವ ತಿರುಪನ್ನು ನೆನಪಿಸಿಕೊಳ್ಳಿ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೂ ಧ್ವನಿಯಲ್ಲಿ ಅಷ್ಟೇ ಬದಲಾವಣೆ. ಅದು ಅನಲಾಗ್.

ಪ್ರಕೃತಿಯಲ್ಲಿರುವುದೆಲ್ಲ ಈ ಎರಡನೆಯ ಬಗೆಯದು. ಮಾತು, ಬಿಸಿ, ಬೆಳಕು, ತೂಕ, ಎದೆಬಡಿತ ಯಾವುದೂ ಸೊನ್ನೆ ಮತ್ತು ಒಂದು ಎಂಬ ಎರಡೇ ಮೆಟ್ಟಿಲಲ್ಲಿ ಬರುವುದಿಲ್ಲ. ಮೊಬೈಲಿನಲ್ಲಿ ನಾವು ಆಡಿದ ಮಾತು ಮೈಕಿನಲ್ಲಿ ಬಹಳ ಕ್ಷೀಣವಾದ ವಿದ್ಯುತ್ತಾಗುತ್ತದೆ. ಅದನ್ನು ಕೆಡಿಸದೆ ಹಿಗ್ಗಿಸಿ, ಅಳೆದು, ಆಮೇಲೆ ಅಂಕಿಗಳಾಗಿ ಮಾಡಬೇಕು. ಹಿಗ್ಗಿಸುವ ಮತ್ತು ಅಳೆಯುವ ಕೆಲಸ ಅನಲಾಗ್ ಸರ್ಕ್ಯೂಟಿನದು. ಅದು ತಪ್ಪಿದರೆ ಮುಂದೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ತಪ್ಪು ಅಂಕಿಗಳನ್ನೇ ಕೂಡಿ ಕಳೆಯುತ್ತ ಕೂರಬೇಕಾಗುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಡ್ಲರ್ ಅವರು 1937ರ ನವೆಂಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಹುಟ್ಟಿದರು. ತಂದೆ ವಾಲ್ಟರ್ ವಿಡ್ಲರ್ ರೇಡಿಯೊ ಕೇಂದ್ರವೊಂದರಲ್ಲಿ ಎಂಜಿನಿಯರ್. ಅವರು ಕಾಲೇಜಿನಲ್ಲಿ ಕಲಿತು ಎಂಜಿನಿಯರ್ ಆದವರಲ್ಲ, ಸ್ವಂತ ಆಸಕ್ತಿಯಿಂದ ಕಲಿತವರು. ಮನೆಯಲ್ಲಿ ತಂತಿ, ವಾಲ್ವು, ರೇಡಿಯೊ ಬಿಡಿಭಾಗಗಳ ನಡುವೆಯೇ ಹುಡುಗ ಬೆಳೆದ. ತಂದೆಯೇ ಮೊದಲ ಗುರು.

ಕ್ಲೀವ್‌ಲ್ಯಾಂಡಿನ ಸೇಂಟ್ ಇಗ್ನೇಷಿಯಸ್ ಹೈಸ್ಕೂಲಿನಲ್ಲಿ ಓದು ಮುಗಿಸಿ ವಿಡ್ಲರ್ ಕೊಲೊರಾಡೊ ವಿಶ್ವವಿದ್ಯಾಲಯ ಸೇರಿದರು. 1958ರಲ್ಲಿ ಓದನ್ನು ನಡುವೆ ಬಿಟ್ಟು ವಾಯುಸೇನೆಗೆ ಹೋದರು. ಅಲ್ಲಿ ಅವರ ಕೆಲಸ ಸೈನಿಕರಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವುದು. ಆಗ ಟ್ರಾನ್ಸಿಸ್ಟರ್ ಹೊಸ ವಸ್ತು. ಅದನ್ನು ಸಾಮಾನ್ಯ ಸೈನಿಕರಿಗೂ ಅರ್ಥವಾಗುವಂತೆ ವಿವರಿಸುವ ಒಂದು ಪಠ್ಯಪುಸ್ತಕವನ್ನು 1960ರಲ್ಲಿ ಬರೆದರು. ಆಗ ಅವರಿಗೆ 22 ವರ್ಷ. ಮುಂದೆ ಅವರು ಬರೆದ ತಾಂತ್ರಿಕ ಲೇಖನಗಳು ಅಷ್ಟು ತಿಳಿಯಾಗಿದ್ದುದಕ್ಕೆ ಈ ಮೇಷ್ಟರ ಕೆಲಸವೂ ಒಂದು ಕಾರಣವಿರಬೇಕು ಎಂದು ನನಗೆ ಅನಿಸುತ್ತದೆ.

ಸೇನೆಯ ಶಿಸ್ತು ಅವರ ಸ್ವಭಾವಕ್ಕೆ ಹೊಂದಲಿಲ್ಲ. 1961ರಲ್ಲಿ ಹೊರಬಂದು, ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕೆ ಉಪಕರಣ ಮಾಡಿಕೊಡುತ್ತಿದ್ದ ಬಾಲ್ ಬ್ರದರ್ಸ್ ಎಂಬ ಸಂಶೋಧನಾ ಕಂಪನಿಗೆ ಸೇರಿದರು. ದುಡಿಯುತ್ತಲೇ ಬಿಟ್ಟ ಓದನ್ನು ಮುಂದುವರಿಸಿ 1963ರಲ್ಲಿ ಒಳ್ಳೆಯ ಅಂಕಗಳೊಂದಿಗೆ ಪದವಿ ಪಡೆದರು.

ಫೇರ್‌ಚೈಲ್ಡ್ ಕಂಪನಿಯಲ್ಲಿ

ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ಚಿಪ್ ತಯಾರಿಕೆಯಲ್ಲಿ ಎಲ್ಲರಿಗಿಂತ ಮುಂದಿತ್ತು. 1963ರ ಸೆಪ್ಟೆಂಬರಿನಲ್ಲಿ ವಿಡ್ಲರ್ ಅಲ್ಲಿಗೆ ಸಂದರ್ಶನಕ್ಕೆ ಹೋದರು. ಹೋದದ್ದು ಕುಡಿದ ಅಮಲಿನಲ್ಲಿ. ಸಂಶೋಧನಾ ವಿಭಾಗದ ಮುಖ್ಯಸ್ಥರ ಎದುರೇ ಅವರ ಅನಲಾಗ್ ಸರ್ಕ್ಯೂಟುಗಳು ಕೆಲಸಕ್ಕೆ ಬಾರದವು ಎಂದು ಒರಟಾಗಿ ಹೇಳಿಬಿಟ್ಟರು. ಸಹಜವಾಗಿ ಆ ವಿಭಾಗದವರಿಗೆ ಅವರು ಬೇಡವಾದರು. ಆದರೆ ಇನ್ನೊಂದು ವಿಭಾಗದ ಮುಖ್ಯಸ್ಥ ಜಾನ್ ಹಲ್ಮ್ ಎಂಬವರು ಬೇರೆಯವರ ಆಕ್ಷೇಪಣೆಯನ್ನು ಪಕ್ಕಕ್ಕಿಟ್ಟು ಅವರನ್ನು ಕೆಲಸಕ್ಕೆ ತೆಗೆದುಕೊಂಡರು.

ಫೇರ್‌ಚೈಲ್ಡಿನಲ್ಲಿ ವಿಡ್ಲರ್ ಅವರಿಗೆ ಡೇವಿಡ್ ಟಾಲ್ಬರ್ಟ್ ಎಂಬ ಜೊತೆಗಾರ ಸಿಕ್ಕರು. ಟಾಲ್ಬರ್ಟ್ ಅವರದು ಸಿಲಿಕಾನ್ ಬಿಲ್ಲೆಗಳನ್ನು ಕುಲುಮೆಯಲ್ಲಿಟ್ಟು ಚಿಪ್ಪು ತಯಾರಿಸುವ ಕೆಲಸ. ವಿಡ್ಲರ್ ಅವರ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು, ಟಾಲ್ಬರ್ಟ್ ಹೆಸರು ತಿಳಿದವರು ಕಡಿಮೆ. ಆದರೆ ಒಬ್ಬರು ಕಾಗದದ ಮೇಲೆ ಬರೆದದ್ದನ್ನು ಇನ್ನೊಬ್ಬರು ಕುಲುಮೆಯಿಂದ ತೆಗೆದುಕೊಡದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಸಿಲಿಕಾನ್ ಏನು ಕೊಡಬಲ್ಲದು, ಏನು ಕೊಡಲಾರದು ಎಂಬುದು ವಿಡ್ಲರ್ ಅವರಿಗೆ ಗೊತ್ತಾದದ್ದು ಟಾಲ್ಬರ್ಟ್ ಅವರ ಜೊತೆ ನಿಂತು ಕೆಲಸ ಮಾಡಿದ್ದರಿಂದ.

ಸಿಲಿಕಾನಿನ ಲೆಕ್ಕವೇ ಬೇರೆ

ಅಂದು ಬಿಡಿಭಾಗಗಳನ್ನು ಬೆಸೆದು ಸರ್ಕ್ಯೂಟ್ ಕಟ್ಟುವವರ ಲೆಕ್ಕ ಹೀಗಿತ್ತು: ಟ್ರಾನ್ಸಿಸ್ಟರ್ ದುಬಾರಿ, ರೆಸಿಸ್ಟರ್ ಮತ್ತು ಕೆಪಾಸಿಟರ್ ಅಗ್ಗ. ಆದ್ದರಿಂದ ಎಂಜಿನಿಯರುಗಳು ಒಂದೆರಡು ಟ್ರಾನ್ಸಿಸ್ಟರ್ ಬಳಸಿ, ಉಳಿದ ಕೆಲಸವನ್ನು ರೆಸಿಸ್ಟರ್, ಕೆಪಾಸಿಟರ್‌ಗಳಿಂದ ಮಾಡಿಸುತ್ತಿದ್ದರು. ಚಿಪ್ಪು ಬಂದಾಗಲೂ ಅದೇ ನಕ್ಷೆಯನ್ನು ಹಾಗೆಯೇ ಸಿಲಿಕಾನಿಗೆ ಇಳಿಸಲು ಹೊರಟರು. ಅದು ಸರಿಹೋಗಲಿಲ್ಲ.

ಏಕೆಂದರೆ ಚಿಪ್ಪಿನ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಬೆಲೆ ಇರುವುದು ಜಾಗಕ್ಕೆ. ಟ್ರಾನ್ಸಿಸ್ಟರಿಗೆ ಬೇಕಾದ ಜಾಗ ಅತಿ ಕಡಿಮೆ. ದೊಡ್ಡ ರೆಸಿಸ್ಟರ್ ಎಂದರೆ ಹಾವಿನಂತೆ ಸುತ್ತಿದ ಉದ್ದನೆಯ ಗೆರೆ, ಅದೊಂದೇ ಹತ್ತಾರು ಟ್ರಾನ್ಸಿಸ್ಟರುಗಳ ಜಾಗ ತಿನ್ನುತ್ತದೆ. ಕೆಪಾಸಿಟರ್ ಇನ್ನೂ ದುಬಾರಿ. ಅದೂ ಅಲ್ಲದೆ ಚಿಪ್ಪಿನ ರೆಸಿಸ್ಟರನ್ನು ನಂಬುವಂತಿಲ್ಲ. ಇಂದಿನ ಕುಲುಮೆಯಿಂದ ಬಂದದ್ದು ಒಂದು ಅಳತೆ, ನಾಳೆ ಬಂದದ್ದು ಇನ್ನೊಂದು ಅಳತೆ. ಶೇಕಡ 20ರಷ್ಟು ವ್ಯತ್ಯಾಸ ಸಾಮಾನ್ಯ.

ಆದರೆ ಸಿಲಿಕಾನಿನಲ್ಲಿ ಒಂದು ದೊಡ್ಡ ಗುಣವಿದೆ. ಒಂದೇ ಮಡಿಯಲ್ಲಿ ಒಟ್ಟಿಗೆ ಚೆಲ್ಲಿದ ಭತ್ತದ ಸಸಿಗಳನ್ನು ನೋಡಿ. ಈ ವರ್ಷದ ಸಸಿ ಹೋದ ವರ್ಷದಷ್ಟು ಎತ್ತರ ಬರದೆ ಇರಬಹುದು, ಆದರೆ ಅಕ್ಕಪಕ್ಕದ ಎರಡು ಸಸಿಗಳು ಹೆಚ್ಚುಕಡಿಮೆ ಒಂದೇ ಸಮ ಇರುತ್ತವೆ. ಮಣ್ಣು ಒಂದೇ, ನೀರು ಒಂದೇ, ಬಿಸಿಲು ಒಂದೇ. ಹಾಗೆಯೇ ಚಿಪ್ಪಿನ ಮೇಲೆ ಪಕ್ಕಪಕ್ಕದಲ್ಲಿರುವ ಎರಡು ಟ್ರಾನ್ಸಿಸ್ಟರುಗಳು ಅವಳಿಗಳಂತೆ. ಬಿಸಿ ಏರಿದರೂ ಎರಡಕ್ಕೂ ಒಟ್ಟಿಗೇ ಏರುತ್ತದೆ.

ವಿಡ್ಲರ್ ಈ ಗುಣವನ್ನು ಹಿಡಿದುಕೊಂಡರು. ಯಾವುದೇ ಬಿಡಿಭಾಗದ ನಿಜವಾದ ಅಳತೆಯನ್ನು ನಂಬಬಾರದು, ಎರಡರ ಸಮತೆಯನ್ನು ನಂಬಬೇಕು. ಅಂಗಡಿಯ ತಕ್ಕಡಿಯಂತೆ. ತಕ್ಕಡಿಯ ದಂಡ, ತಟ್ಟೆ, ಸರಪಳಿಗಳ ತೂಕ ಎಷ್ಟೆಂದು ವ್ಯಾಪಾರಿಗೆ ಗೊತ್ತಿರಬೇಕಾಗಿಲ್ಲ, ಎರಡು ಪಕ್ಕ ಸಮ ಇದ್ದರೆ ಸಾಕು. ವಿಡ್ಲರ್ ಚಿಪ್ಪಿನೊಳಗೆ ಇಂಥ ತಕ್ಕಡಿಗಳನ್ನು ಕಟ್ಟುತ್ತ ಹೋದರು. ಒಂದು ಟ್ರಾನ್ಸಿಸ್ಟರಿನಲ್ಲಿ ಹರಿಯುವ ಕರೆಂಟನ್ನು ಪಕ್ಕದ ಟ್ರಾನ್ಸಿಸ್ಟರ್ ಕನ್ನಡಿಯ ಬಿಂಬದಂತೆ ಅನುಸರಿಸುವ ಸರ್ಕ್ಯೂಟನ್ನು ಧಾರಾಳವಾಗಿ ಬಳಸಿದರು. ಬಹಳ ಸಣ್ಣ ಕರೆಂಟು ಬೇಕಾದಾಗ ಅದಕ್ಕೆ ಭಾರಿ ರೆಸಿಸ್ಟರ್ ಹಾಕುವ ಬದಲು, ಆ ಕನ್ನಡಿಯ ಒಂದು ಕಡೆಗೆ ಮಾತ್ರ ಒಂದು ಸಣ್ಣ ರೆಸಿಸ್ಟರ್ ಸೇರಿಸಿ ಕೆಲಸ ಮುಗಿಸಿದರು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಅದಕ್ಕೆ ವಿಡ್ಲರ್ ಕರೆಂಟ್ ಸೋರ್ಸ್ ಎಂದೇ ಹೆಸರು.

ಈ ವಿಚಾರದಿಂದ ಹುಟ್ಟಿದ್ದು 1964ರ ಮ್ಯೂಎ 702 ಮತ್ತು 1965ರ ಮ್ಯೂಎ 709. ಇವು ಆಪರೇಷನಲ್ ಆಂಪ್ಲಿಫೈಯರ್, ಚಿಕ್ಕದಾಗಿ ಆಪ್-ಆಂಪ್ ಎಂಬ ಜಾತಿಯ ಐಸಿಗಳು. ಕ್ಷೀಣವಾದ ಸಂಕೇತವನ್ನು ಬೇಕಾದಷ್ಟು ಹಿಗ್ಗಿಸುವುದು, ಕೂಡುವುದು, ಕಳೆಯುವುದು, ಹೋಲಿಸುವುದು ಇವುಗಳ ಕೆಲಸ. ಅದಕ್ಕೆ ಮೊದಲು ಇದೇ ಕೆಲಸಕ್ಕೆ ಗಾಜಿನ ವಾಲ್ವುಗಳಿದ್ದ ಪೆಟ್ಟಿಗೆ ಅಥವಾ ಬಿಡಿ ಟ್ರಾನ್ಸಿಸ್ಟರುಗಳ ಫಲಕ ಬೇಕಾಗಿತ್ತು. 709 ಬಂದ ಮೇಲೆ ಕಂಪನಿ ಎಷ್ಟು ತಯಾರಿಸಿದರೂ ಬೇಡಿಕೆಗೆ ಸಾಲದಾಯಿತು. ವಿಡ್ಲರ್ ಅವರಿಗೆ ಆಗಿನ್ನೂ 28 ತುಂಬುತ್ತಿತ್ತು.

ನ್ಯಾಷನಲ್ ಸೆಮಿಕಂಡಕ್ಟರ್

ಕಂಪನಿಗೆ ಇಷ್ಟು ಲಾಭವಾದರೂ ತಮಗೆ ತಕ್ಕ ಪಾಲು ಸಿಗಲಿಲ್ಲ ಎಂಬುದು ವಿಡ್ಲರ್ ಅವರ ಅಸಮಾಧಾನ. 1965ರ ಕೊನೆಯಲ್ಲಿ ಟಾಲ್ಬರ್ಟ್ ಜೊತೆ ಫೇರ್‌ಚೈಲ್ಡ್ ಬಿಟ್ಟರು. ಕೆಲಸ ಬಿಡುವವರು ತುಂಬಬೇಕಾದ ಪತ್ರದಲ್ಲಿ ತಮಗೆ ಶ್ರೀಮಂತನಾಗಬೇಕಾಗಿದೆ ಎಂಬ ಒಂದೇ ಕಾರಣ ಬರೆದು ಬಂದರಂತೆ. ಆಮೇಲೆ ಸೇರಿದ್ದು ನ್ಯಾಷನಲ್ ಸೆಮಿಕಂಡಕ್ಟರ್ ಎಂಬ, ಆಗಿನ್ನೂ ಚಿಕ್ಕದಾಗಿದ್ದ ಕಂಪನಿಗೆ.

709ರಲ್ಲಿ ಕೆಲವು ದೋಷಗಳಿದ್ದವು. ಅದರ ಔಟ್‌ಪುಟ್ ತಂತಿ ಅಕಸ್ಮಾತ್ ಶಾರ್ಟ್ ಆದರೆ ಐಸಿ ಸುಟ್ಟುಹೋಗುತ್ತಿತ್ತು. ಅದು ಸ್ಥಿರವಾಗಿ ನಿಲ್ಲಲು ಹೊರಗಿನಿಂದ ಹಲವು ಬಿಡಿಭಾಗಗಳನ್ನು ಜೋಡಿಸಬೇಕಾಗಿತ್ತು. ತಮ್ಮ ಸರ್ಕ್ಯೂಟಿನ ತಪ್ಪುಗಳನ್ನು ವಿಡ್ಲರ್ ತಾವೇ ತಿದ್ದಿದರು. 1967ರಲ್ಲಿ ಬಂದ ಎಲ್‌ಎಂ 101 ಶಾರ್ಟ್ ಆದರೂ ಬದುಕುತ್ತಿತ್ತು, ಹೊರಗಿನಿಂದ ಒಂದೇ ಒಂದು ಸಣ್ಣ ಕೆಪಾಸಿಟರ್ ಸಾಕಾಗಿತ್ತು. ಮರುವರ್ಷ ಫೇರ್‌ಚೈಲ್ಡಿನ ಡೇವ್ ಫುಲ್ಲಾಗರ್ ಆ ಒಂದು ಕೆಪಾಸಿಟರನ್ನೂ ಚಿಪ್ಪಿನೊಳಗೇ ಇಟ್ಟು 741 ಅನ್ನು ರೂಪಿಸಿದರು. ನಾವು ಪ್ರಯೋಗಶಾಲೆಯಲ್ಲಿ ಕಂಡದ್ದು ಅದನ್ನೇ.

1969ರಲ್ಲಿ ವಿಡ್ಲರ್ ಎಲ್‌ಎಂ 109 ತಂದರು. ಮೂರೇ ಕಾಲಿನ ಈ ಐಸಿ, ಒಳಗೆ ಬರುವ ವಿದ್ಯುತ್ ಏರುಪೇರಾದರೂ ಹೊರಗೆ ಸರಿಯಾಗಿ 5 ವೋಲ್ಟ್ ಕೊಡುತ್ತದೆ. ಹೆಚ್ಚು ಕಾದರೆ ತಾನೇ ನಿಂತು ತನ್ನನ್ನು ಉಳಿಸಿಕೊಳ್ಳುತ್ತದೆ. ನಮ್ಮ ಕಡೆಯ ರೇಡಿಯೊ, ಟಿವಿ ರಿಪೇರಿ ಅಂಗಡಿಗಳಲ್ಲಿ ಬಳಸುವ 7805 ಇದೇ ಕೆಲಸ ಮಾಡುವ, ಇದರ ನಂತರ ಬಂದ ಐಸಿ.

ಬದಲಾಗದ ಅಳತೆಗೋಲು

5 ವೋಲ್ಟ್ ಕೊಡಬೇಕಾದರೆ 5 ವೋಲ್ಟ್ ಎಂದರೆ ಎಷ್ಟು ಎಂದು ಚಿಪ್ಪಿಗೆ ಗೊತ್ತಿರಬೇಕು. ಸೇರು ಇಲ್ಲದೆ ರಾಗಿ ಅಳೆಯಲಾಗದು. ಆದರೆ ಸಿಲಿಕಾನಿನಲ್ಲಿ ಎಲ್ಲವೂ ಬಿಸಿಲು ಚಳಿಗೆ ಬದಲಾಗುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು 0.6 ವೋಲ್ಟ್ ಇರುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇಂಥ ಅಳತೆಗೋಲು ಹಿಡಿದು ಅಳೆಯುವುದು ಹೇಗೆ?

ಇಲ್ಲಿಯೂ ತಕ್ಕಡಿಯ ಉಪಾಯವೇ ನೆರವಿಗೆ ಬಂತು. ಎರಡು ಅವಳಿ ಟ್ರಾನ್ಸಿಸ್ಟರುಗಳಲ್ಲಿ ಒಂದಕ್ಕೆ ಒತ್ತಾಗಿ, ಇನ್ನೊಂದಕ್ಕೆ ತೆಳುವಾಗಿ ಕರೆಂಟು ಹರಿಸಿದರೆ ಅವೆರಡರ ವೋಲ್ಟೇಜಿನ ವ್ಯತ್ಯಾಸ ಬಿಸಿಯೊಂದಿಗೆ ಏರುತ್ತದೆ. ಇಳಿಯುವ ಒಂದಕ್ಕೆ ಏರುವ ಇನ್ನೊಂದನ್ನು ತಕ್ಕ ಪ್ರಮಾಣದಲ್ಲಿ ಹಿಗ್ಗಿಸಿ ಕೂಡಿದರೆ ಏರಿಕೆ ಇಳಿಕೆ ಎರಡೂ ವಜಾ ಆಗಿ ಸುಮಾರು 1.2 ವೋಲ್ಟ್ ಉಳಿಯುತ್ತದೆ. ಈ 1.2 ಎಂಬುದು ಸಿಲಿಕಾನಿನ ಹುಟ್ಟುಗುಣದಿಂದ ಬಂದ ಅಂಕಿ, ಆದ್ದರಿಂದ ಬಿಸಿ ಚಳಿಗೆ ಬಹುಮಟ್ಟಿಗೆ ಅಲುಗುವುದಿಲ್ಲ. ಇದಕ್ಕೆ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಎಂದು ಹೆಸರು. ಈ ವಿಚಾರವನ್ನು ಫೇರ್‌ಚೈಲ್ಡಿನ ಡೇವಿಡ್ ಹಿಲ್ಬೈಬರ್ 1964ರಲ್ಲೇ ಮಂಡಿಸಿದ್ದರು. ಅದನ್ನು ಚಿಪ್ಪಿನೊಳಗೆ ಇಳಿಸಿ ಎಲ್ಲರ ಕೈಗೆ ಸಿಗುವಂತೆ ಮಾಡಿದವರು ವಿಡ್ಲರ್. ಇಂದು ಜಗತ್ತಿನಲ್ಲಿ ಬ್ಯಾಂಡ್‌ಗ್ಯಾಪ್ ಇಲ್ಲದ ದೊಡ್ಡ ಚಿಪ್ಪು ಹುಡುಕಿದರೂ ಸಿಗುವುದು ಕಷ್ಟ.

ಅವರ ಸ್ವಭಾವ

ಮಹನೀಯರ ಜೀವನ ಬರೆಯುವಾಗ ಒಳ್ಳೆಯದನ್ನಷ್ಟೇ ಬರೆಯುವ ರೂಢಿ ಇದೆ. ಆದರೆ ವಿಡ್ಲರ್ ಅವರ ವಿಷಯದಲ್ಲಿ ಹಾಗೆ ಬರೆದರೆ ಸುಳ್ಳಾಗುತ್ತದೆ. ಅವರಿಗೆ ಕುಡಿತದ ಚಟ ಬಲವಾಗಿತ್ತು. ಮಾತು ಒರಟು. ಮೇಲಧಿಕಾರಿಗಳೊಂದಿಗೆ ಹೊಂದಿಕೊಂಡು ನಡೆದವರಲ್ಲ. ತಮಾಷೆಯೂ ಅಷ್ಟೇ ವಿಚಿತ್ರ. 1970ರಲ್ಲಿ ಕಂಪನಿ ಖರ್ಚು ಕಡಿಮೆ ಮಾಡಲು ಅಂಗಳದ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದಾಗ, ವಿಡ್ಲರ್ ತಮ್ಮ ಕಾರಿನಲ್ಲಿ ಒಂದು ಕುರಿಯನ್ನು ತಂದು ಕಚೇರಿಯ ಮುಂದೆ ಮೇಯಲು ಬಿಟ್ಟರು. ತಮ್ಮ ಕೋಣೆಗೆ ಬಂದು ಯಾರಾದರೂ ಜೋರಾಗಿ ಮಾತನಾಡಿದರೆ ಕೀರಲು ದನಿ ಹೊರಡಿಸುವ ಒಂದು ಪೆಟ್ಟಿಗೆಯನ್ನೂ ಮಾಡಿಟ್ಟಿದ್ದರು.

ಇನ್ನೊಂದು ಅಭ್ಯಾಸವಿತ್ತು. ದಿನಗಟ್ಟಲೆ ಕಾಡಿದ ತೊಂದರೆಗೆ ಒಂದು ಕೆಟ್ಟ ಬಿಡಿಭಾಗ ಕಾರಣವೆಂದು ಪತ್ತೆಯಾದರೆ, ಅದನ್ನು ಕಸದ ಬುಟ್ಟಿಗೆ ಹಾಕುತ್ತಿರಲಿಲ್ಲ. ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಪುಡಿಪುಡಿ ಮಾಡುತ್ತಿದ್ದರು. ಮತ್ತೆ ಯಾರ ಕೈಗೂ ಅದು ಸಿಕ್ಕಿ ಕಾಡಬಾರದು ಎಂಬುದು ಅವರ ತರ್ಕ.

ಇಂಥ ಕಥೆಗಳನ್ನು ನಮ್ಮ ಕಚೇರಿಗಳಲ್ಲಿ ಇಂದಿಗೂ ನಗುತ್ತ ಹೇಳುತ್ತಾರೆ. ಕುಡಿತ, ಒರಟುತನಗಳಿಂದಲೇ ಅವರ ಪ್ರತಿಭೆ ಬಂತೇನೋ ಎಂಬಂತೆ ಮಾತನಾಡುವ ಹುಡುಗರನ್ನೂ ಕಂಡಿದ್ದೇನೆ. ಅದು ತಪ್ಪು. ಅವರ ಸರ್ಕ್ಯೂಟುಗಳನ್ನು ಬಿಡಿಸಿ ನೋಡಿದವರಿಗೆ ಗೊತ್ತು: ಅಲ್ಲಿ ಒಂದು ಟ್ರಾನ್ಸಿಸ್ಟರೂ ಅಡ್ಡಾದಿಡ್ಡಿಯಾಗಿ ಬಿದ್ದಿಲ್ಲ, ಪ್ರತಿಯೊಂದಕ್ಕೂ ಕಾರಣವಿದೆ. ಬದುಕಿನಲ್ಲಿ ಇಲ್ಲದ ಶಿಸ್ತು ಕೆಲಸದಲ್ಲಿತ್ತು. ಉಳಿದುಕೊಂಡದ್ದೂ ಆ ಶಿಸ್ತೇ.

ಟಾರ್ಚಿನ ಒಂದು ಸೆಲ್ ಸಾಕು

1970ರ ಡಿಸೆಂಬರಿನಲ್ಲಿ, 33ನೆಯ ವಯಸ್ಸಿಗೆ, ವಿಡ್ಲರ್ ನ್ಯಾಷನಲ್ ಕಂಪನಿಗೆ ರಾಜೀನಾಮೆ ಕೊಟ್ಟರು. ತಮ್ಮ ಪಾಲಿನ ಷೇರುಗಳನ್ನು ಮಾರಿ ಮೆಕ್ಸಿಕೊ ದೇಶದ ಪುಯೆರ್ಟೊ ವಲ್ಯಾರ್ಟಾ ಎಂಬ ಕಡಲತೀರದ ಊರಿಗೆ ಹೋಗಿ ನೆಲೆಸಿದರು. ಶ್ರೀಮಂತನಾಗಬೇಕೆಂಬ ಆಸೆ ಈಡೇರಿತ್ತು. ಆದರೆ ಕೆಲಸದ ಸೆಳೆತ ಬಿಡಲಿಲ್ಲ. 1974ರಲ್ಲಿ ಸಲಹೆಗಾರರಾಗಿ ಮತ್ತೆ ನ್ಯಾಷನಲ್ ಕಂಪನಿಗೆ ಕೆಲಸ ಮಾಡಿಕೊಡಲು ತೊಡಗಿದರು.

ಈ ಎರಡನೆಯ ಅವಧಿಯಲ್ಲಿ ಅವರು ಮಾಡಿದ ಎಲ್‌ಎಂ 10 ಎಂಬ ಐಸಿಯೇ ಇಂದಿನ ನಮ್ಮ ಕೆಲಸಕ್ಕೆ ಬಹಳ ಹತ್ತಿರವಾದದ್ದು. 709ರಂಥ ಆಪ್-ಆಂಪಿಗೆ ಸಾಮಾನ್ಯವಾಗಿ 15 ವೋಲ್ಟಿನ ಎರಡು ಸಪ್ಲೈ, ಅಂದರೆ ಒಟ್ಟು 30 ವೋಲ್ಟ್ ಕೊಡುತ್ತಿದ್ದರು. ಎಲ್‌ಎಂ 10 ನಡೆಯಲು 1.1 ವೋಲ್ಟ್ ಸಾಕು. ಟಾರ್ಚಿನ ಹೊಸ ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ. ಬೆಳಕು ಮಂಕಾಗಿ ಇನ್ನು ಎಸೆಯಬೇಕು ಎನ್ನುವ ಹೊತ್ತಿಗೆ ಅದು 1.1ರ ಆಸುಪಾಸಿಗೆ ಇಳಿದಿರುತ್ತದೆ. ಅಂಥ ಒಂದೇ ಸೆಲ್ಲಿನಲ್ಲಿ ಈ ಐಸಿ ಕೆಲಸ ಮಾಡುತ್ತಿತ್ತು.

ಇಲ್ಲಿ ಒಂದು ತೊಡಕಿತ್ತು. ಬ್ಯಾಂಡ್‌ಗ್ಯಾಪಿನ ಅಳತೆಗೋಲು 1.2 ವೋಲ್ಟ್ ಉದ್ದದ್ದು. ಸಪ್ಲೈ ಇರುವುದು 1.1 ವೋಲ್ಟ್. ಮನೆಯ ಮಾಡಿಗಿಂತ ಎತ್ತರದ ಕಂಬವನ್ನು ಒಳಗೆ ನಿಲ್ಲಿಸುವುದು ಹೇಗೆ? ವಿಡ್ಲರ್ ಅದೇ ಗುಣವನ್ನು ಉಳಿಸಿಕೊಂಡು ಕಂಬವನ್ನೇ ಗಿಡ್ಡ ಮಾಡಿದರು. ಎಲ್‌ಎಂ 10ರ ಒಳಗಿನ ಅಳತೆಗೋಲು 0.2 ವೋಲ್ಟಿನದು. 1978ರಲ್ಲಿ ಕಡಿಮೆ ವೋಲ್ಟೇಜಿನ ಈ ಉಪಾಯಗಳನ್ನೆಲ್ಲ ಒಂದು ಲೇಖನದಲ್ಲಿ ಬರೆದು ಪ್ರಕಟಿಸಿದರು.

ಚಿಪ್ಪು ಕುಗ್ಗುತ್ತ ಬಂದಾಗ

ವಿಡ್ಲರ್ ಕಾಲದ ಟ್ರಾನ್ಸಿಸ್ಟರು ಬೈಪೋಲಾರ್ ಜಾತಿಯದು. ಇಂದಿನ ಮೊಬೈಲ್ ಚಿಪ್ಪಿನದು ಮಾಸ್ ಎಂಬ ಬೇರೆ ಜಾತಿ. ಅದನ್ನು ವರ್ಷದಿಂದ ವರ್ಷಕ್ಕೆ ಸಣ್ಣದು ಮಾಡುತ್ತ ಬಂದಿದ್ದಾರೆ. ಸಣ್ಣದಾದಷ್ಟೂ ವೇಗ ಹೆಚ್ಚು, ಒಂದೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಟ್ರಾನ್ಸಿಸ್ಟರನ್ನು ಕುಗ್ಗಿಸುವಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಬೇಕೆಂದು ಐಬಿಎಂ ಕಂಪನಿಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟರು. ಹಾಗಾಗಿ 5 ವೋಲ್ಟ್ ಇದ್ದದ್ದು 3.3 ಆಯಿತು, 0.18 ಮೈಕ್ರಾನ್ ತಂತ್ರಜ್ಞಾನಕ್ಕೆ ಬರುವಾಗ 1.8 ಆಯಿತು, ಈಗ 1 ವೋಲ್ಟಿಗಿಂತಲೂ ಕೆಳಗಿಳಿದಿದೆ.

ಡಿಜಿಟಲ್ ಸರ್ಕ್ಯೂಟಿಗೆ ಇದು ಹಬ್ಬ. ಸ್ವಿಚ್ಚು ಸಣ್ಣದಾದರೂ ಸ್ವಿಚ್ಚೇ. ಆದರೆ ಅನಲಾಗ್ ವಿನ್ಯಾಸ ಮಾಡುವವರಿಗೆ ಮೂರು ಕಷ್ಟಗಳು ಎದುರಾದವು.

ಮೊದಲನೆಯದು ಎತ್ತರದ ಕಷ್ಟ. ಒಳ್ಳೆಯ ಆಂಪ್ಲಿಫೈಯರಿಗೆ ಟ್ರಾನ್ಸಿಸ್ಟರುಗಳನ್ನು ಒಂದರ ಮೇಲೊಂದು ಅಟ್ಟದಂತೆ ಜೋಡಿಸಬೇಕು. ಪ್ರತಿಯೊಂದಕ್ಕೂ ತನ್ನ ಪಾಲಿನ ಒಂದಿಷ್ಟು ವೋಲ್ಟೇಜು ಬೇಕು. ಮಾಡು ತಗ್ಗಿದ ಮೇಲೆ ಅಟ್ಟ ಕಟ್ಟುವುದು ಎಲ್ಲಿ?

ಎರಡನೆಯದು ಗದ್ದಲದ ಕಷ್ಟ. ವಸ್ತುವಿನೊಳಗಿನ ಎಲೆಕ್ಟ್ರಾನುಗಳು ಬಿಸಿಯಿಂದ ಸದಾ ಅಲುಗಾಡುತ್ತಿರುತ್ತವೆ, ಅದೇ ಸರ್ಕ್ಯೂಟಿನಲ್ಲಿ ಗದ್ದಲವಾಗಿ ಕೇಳುತ್ತದೆ. ಚಿಪ್ಪು ಕುಗ್ಗಿತೆಂದು ಈ ಗದ್ದಲ ಕುಗ್ಗುವುದಿಲ್ಲ. ವೋಲ್ಟೇಜು ಕಡಿಮೆಯಾಗಿ ನಮ್ಮ ದನಿ ಮಾತ್ರ ಸಣ್ಣದಾಗುತ್ತದೆ. ಜಾತ್ರೆಯಲ್ಲಿ ನಿಂತು ಪಿಸುಗುಟ್ಟಿದ ಹಾಗೆ. ಮಾದರಿಯನ್ನು ಹಿಡಿದಿಡುವ ಕೆಪಾಸಿಟರಿನಲ್ಲಿ ಈ ಗದ್ದಲವನ್ನು ಅರ್ಧಕ್ಕೆ ಇಳಿಸಬೇಕಾದರೆ ಕೆಪಾಸಿಟರನ್ನು ನಾಲ್ಕು ಪಟ್ಟು ದೊಡ್ಡದು ಮಾಡಬೇಕು.

ಮೂರನೆಯದು ಸಮತೆಯ ಕಷ್ಟ. ಇದು ವಿಡ್ಲರ್ ಅವರ ತಕ್ಕಡಿಯ ಬುಡಕ್ಕೇ ಬಿದ್ದ ಪೆಟ್ಟು. ಎರಡು ಸೇರು ರಾಗಿ ಅಳೆದು ಕಾಳು ಎಣಿಸಿದರೆ ಎರಡೂ ಬಹುಮಟ್ಟಿಗೆ ಸಮ ಇರುತ್ತವೆ. ಎರಡು ಚಿಟಿಕೆ ತೆಗೆದು ಎಣಿಸಿದರೆ ಒಂದರಲ್ಲಿ 30 ಕಾಳು, ಇನ್ನೊಂದರಲ್ಲಿ 36 ಇರಬಹುದು. ಟ್ರಾನ್ಸಿಸ್ಟರಿನದೂ ಇದೇ ಕಥೆ. ಅದು ಸಣ್ಣದಾದಂತೆ ಅದರೊಳಗೆ ಬೆರೆಸಿದ ಪರಮಾಣುಗಳ ಸಂಖ್ಯೆ ಕಡಿಮೆಯಾಗಿ, ಅವಳಿಗಳ ನಡುವೆ ಭೇದ ಹೆಚ್ಚುತ್ತದೆ. ಈ ಭೇದವನ್ನು ಅರ್ಧಕ್ಕೆ ಇಳಿಸಲು ಟ್ರಾನ್ಸಿಸ್ಟರಿನ ವಿಸ್ತೀರ್ಣವನ್ನು ನಾಲ್ಕು ಪಟ್ಟು ಮಾಡಬೇಕೆಂಬ ನಿಯಮವನ್ನು ನೆದರ್ಲೆಂಡಿನ ಫಿಲಿಪ್ಸ್ ಕಂಪನಿಯ ಮಾರ್ಸೆಲ್ ಪೆಲ್‌ಗ್ರಾಮ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಆದ್ದರಿಂದಲೇ ಒಂದೇ ಚಿಪ್ಪಿನಲ್ಲಿ ಡಿಜಿಟಲ್ ಭಾಗ ವರ್ಷವರ್ಷವೂ ಕುಗ್ಗಿದರೂ ಅನಲಾಗ್ ಭಾಗ ಅಷ್ಟು ಬೇಗ ಕುಗ್ಗುವುದಿಲ್ಲ.

ಹಾಗಾದರೆ ದಾರಿ ಏನು? ವಿಡ್ಲರ್ ಕೇಳಿಕೊಂಡ ಪ್ರಶ್ನೆಯನ್ನೇ ಮತ್ತೆ ಕೇಳಿಕೊಳ್ಳಬೇಕಾಯಿತು: ಈ ಚಿಪ್ಪಿನಲ್ಲಿ ಅಗ್ಗವಾದದ್ದು ಯಾವುದು, ದುಬಾರಿಯಾದದ್ದು ಯಾವುದು? ಅವರ ಕಾಲದಲ್ಲಿ ಟ್ರಾನ್ಸಿಸ್ಟರ್ ಅಗ್ಗ, ರೆಸಿಸ್ಟರ್ ದುಬಾರಿ. ಈಗ ಡಿಜಿಟಲ್ ಸ್ವಿಚ್ಚುಗಳು ಅಗ್ಗ, ವೋಲ್ಟೇಜು ಮತ್ತು ಸಮತೆ ದುಬಾರಿ. ಆದ್ದರಿಂದ ಈಗ ಅನಲಾಗ್ ಭಾಗವನ್ನು ಸಾಧಾರಣ ಮಟ್ಟಕ್ಕೆ ಕಟ್ಟಿ, ಅದರ ತಪ್ಪು ಎಷ್ಟೆಂದು ಪಕ್ಕದಲ್ಲೇ ಇರುವ ಸಾವಿರಾರು ಡಿಜಿಟಲ್ ಸ್ವಿಚ್ಚುಗಳಿಂದ ಅಳೆಸಿ, ತಿದ್ದಿಸುತ್ತಾರೆ. ತಕ್ಕಡಿ ಸ್ವಲ್ಪ ವಾಲಿದೆ ಎಂದು ಗೊತ್ತಿದ್ದರೆ ಲೆಕ್ಕದಲ್ಲಿ ಸರಿಪಡಿಸಿಕೊಳ್ಳಬಹುದಲ್ಲ, ಹಾಗೆ.

ಬ್ಯಾಂಡ್‌ಗ್ಯಾಪಿನ ವಿಷಯದಲ್ಲೂ ಹೀಗೆಯೇ ಆಯಿತು. 1 ವೋಲ್ಟಿಗಿಂತ ಕಡಿಮೆ ಸಪ್ಲೈಯಲ್ಲಿ 1.2 ವೋಲ್ಟ್ ನಿಲ್ಲಿಸಲಾಗದು. ಜಪಾನಿನ ಎಂಜಿನಿಯರುಗಳು 1999ರಲ್ಲಿ ಪ್ರಕಟಿಸಿದ ಒಂದು ಸರ್ಕ್ಯೂಟಿನಲ್ಲಿ ಏರುವ ಮತ್ತು ಇಳಿಯುವ ವೋಲ್ಟೇಜುಗಳನ್ನು ಒಂದರ ಮೇಲೊಂದು ಪೇರಿಸದೆ, ಎರಡನ್ನೂ ಕರೆಂಟುಗಳಾಗಿ ಮಾಡಿ ಪಕ್ಕಪಕ್ಕದಿಂದ ಹರಿಸಿ ಒಂದೆಡೆ ಕೂಡಿಸಿದರು. ಎರಡು ಕಾಲುವೆಯ ನೀರನ್ನು ಒಂದೇ ತೊಟ್ಟಿಗೆ ಬಿಟ್ಟಂತೆ. ಆಮೇಲೆ ಒಂದು ರೆಸಿಸ್ಟರಿನಿಂದ ಬೇಕಾದಷ್ಟು ವೋಲ್ಟೇಜು ಪಡೆದರೆ ಸರಿ. ದಾರಿ ಹೊಸದು, ಆದರೆ ಕಂಬ ಗಿಡ್ಡ ಮಾಡುವ ಕೆಲಸವನ್ನು ವಿಡ್ಲರ್ ಇಪ್ಪತ್ತು ವರ್ಷ ಮೊದಲೇ ಬೇರೆ ರೀತಿಯಲ್ಲಿ ಮಾಡಿ ತೋರಿಸಿದ್ದರು.

ಕೊನೆಯ ದಿನಗಳು

1981ರಲ್ಲಿ ರಾಬರ್ಟ್ ಸ್ವಾನ್ಸನ್ ಮತ್ತು ಬಾಬ್ ಡಾಬ್ಕಿನ್ ಅವರ ಜೊತೆ ಸೇರಿ ಲಿನಿಯರ್ ಟೆಕ್ನಾಲಜಿ ಎಂಬ ಕಂಪನಿಯ ಸ್ಥಾಪನೆಗೆ ವಿಡ್ಲರ್ ಕೈಜೋಡಿಸಿದರು. ಅಲ್ಲಿಯೂ ಬಹಳ ಕಾಲ ಉಳಿಯಲಿಲ್ಲ. ಭಿನ್ನಾಭಿಪ್ರಾಯ ಬಂದು 1984ರಲ್ಲಿ ಹೊರಬಂದು ಮತ್ತೆ ನ್ಯಾಷನಲ್ ಕಂಪನಿಗೇ ಕೆಲಸ ಮಾಡಿಕೊಟ್ಟರು. ಕೊನೆಯ ವರ್ಷಗಳಲ್ಲಿ ಅವರು ಕುಡಿತದಿಂದ ದೂರ ಸರಿದಿದ್ದರೆಂದು ಹತ್ತಿರದಿಂದ ಬಲ್ಲವರು ಬರೆದಿದ್ದಾರೆ. 1991ರ ಫೆಬ್ರವರಿ 27ರಂದು ಪುಯೆರ್ಟೊ ವಲ್ಯಾರ್ಟಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. 2009ರಲ್ಲಿ ಅಮೆರಿಕದ ಸಂಶೋಧಕರ ಗೌರವಪಟ್ಟಿಗೆ ಅವರ ಹೆಸರು ಸೇರಿತು.

ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯನ್ನು 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು. ಆ ಕಂಪನಿ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು. ಹೀಗೆ ಕ್ಲೀವ್‌ಲ್ಯಾಂಡಿನ ರೇಡಿಯೊ ಎಂಜಿನಿಯರೊಬ್ಬರ ಮಗ ಆರಂಭಿಸಿದ ಕೆಲಸ ಇಂದು ನಮ್ಮ ರಾಜ್ಯದ ಹುಡುಗ ಹುಡುಗಿಯರ ಕೈಗೂ ಬಂದಿದೆ. ಅವರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಿಂದ ಹೋದವರೂ ಇದ್ದಾರೆ, ಈ ಲೇಖನ ಬರೆದವನೂ ಅವರಲ್ಲಿ ಒಬ್ಬ.

ನಾವು ಓದುವಾಗ ನಮ್ಮ ಶಾಲೆಯ ವಿಜ್ಞಾನದ ಬೀರುವಿನಲ್ಲಿ ಇದ್ದದ್ದು ಕೆಲವೇ ಸಾಮಾನು. ಒಂದು ಬಾರ್ ಅಯಸ್ಕಾಂತ, ಒಂದಿಷ್ಟು ತಾಮ್ರದ ತಂತಿ, ಎರಡು ಮಸೂರ. ನಮ್ಮ ವಿಜ್ಞಾನದ ಮೇಷ್ಟರು ಇಲ್ಲದ್ದರ ಪಟ್ಟಿ ಮಾಡಿ ಕೂರಲಿಲ್ಲ. ಟಾರ್ಚಿನ ಸೆಲ್ಲು ಮತ್ತು ಆ ತಂತಿಯಿಂದಲೇ ವಿದ್ಯುತ್ ಕಾಂತದ ಪಾಠ ಮಾಡಿ, ಮೊಳೆಗಳು ಮೇಲೆದ್ದು ಅಂಟಿಕೊಳ್ಳುವುದನ್ನು ನಮ್ಮೆಲ್ಲರಿಗೂ ಸರದಿಯಲ್ಲಿ ತೋರಿಸಿದರು. ಎಷ್ಟೋ ವರ್ಷಗಳ ನಂತರ ವಿಡ್ಲರ್ ಅವರ ಲೇಖನ ಮೊದಲ ಸಲ ಓದುವಾಗ ನನಗೆ ಆ ತರಗತಿ ನೆನಪಾಯಿತು. ಐವತ್ತು ತುಂಬಿದ ನಮ್ಮ ಶಾಲೆಗೆ, ಇರುವುದರಲ್ಲೇ ಕಲಿಸಿದ ಎಲ್ಲ ಗುರುಗಳಿಗೆ ಈ ಲೇಖನದ ಮೂಲಕ ನನ್ನ ನಮಸ್ಕಾರ.